ಮೋರಿ ಮೇಲಿನ ಗುಂಡಿ ಯಾರ ಲೆಕ್ಕಕ್ಕೆ ಬರತ್ತೆ? ಮೂರು ಆಫೀಸ್ ಸುತ್ತಿ ಬಂದೆ

ಮೋರಿಪಕ್ಕದಮನೆ:
ಎಲ್ರಿಗೂ ನಮಸ್ಕಾರ. ಅರಸೀಕೆರೆ ಸೀಮೆಯವನು ನಾನು, ಊರ ಹೆಸರು ಬೇಡ ಬಿಡಿ. ನಮ್ಮನೆ ಮುಂದೆ ಹಾದು ಹೋಗೋದು ಸ್ಟೇಟ್ ಹೈವೇ, ಅಂದ್ರೆ ಹುಟ್ಟಿದಾಗಿಂದ ನಾನು ಹಂಗೇ ಅನ್ಕೊಂಡಿದೀನಿ. ಊರು ಮುಗಿಯೋ ಕಡೆ ಒಂದು ಮೋರಿ ಇದೆ, ಆ ಮೋರಿ ಹತ್ರ ಸರಿಯಾಗಿ ಎಡಗಡೆ ಚಕ್ರ ಹೋಗೋ ಜಾಗದಲ್ಲೇ ಒಂದು ಗುಂಡಿ. ಸಣ್ಣದಲ್ಲ, ನಮ್ಮನೆ ಬಟ್ಟೆ ಒಗೆಯೋ ಕಲ್ಲನ್ನ ಅದರೊಳಗೆ ಮಲಗಿಸಬಹುದು. ಮೂರು ವರ್ಷದಲ್ಲಿ ನಾಲ್ಕು ಸಲ ಮುಚ್ಚಿದಾರೆ, ನಾಲ್ಕು ಸಲವೂ ಮಳೆಗಾಲ ಮುಗಿಯೋದ್ರೊಳಗೆ ಎದ್ದು ಕೂತಿದೆ.

ಹೋದ ತಿಂಗಳು ನನ್ನ ಭಾವಮೈದ ಡೈರಿಗೆ ಹಾಲು ಹಾಕೋಕೆ ಹೋಗ್ತಿದ್ದ, ಗುಂಡಿ ತುಂಬ ನೀರು ನಿಂತಿದ್ರಿಂದ ಕಾಣ್ಲಿಲ್ಲ, ಗಾಡಿ ಸಮೇತ ಬಿದ್ದ. ಮುಂಗೈ ಮೂಳೆ ಬಿರುಕು, ಇಪ್ಪತ್ತು ಲೀಟರ್ ಹಾಲು ರೋಡ್ ಪಾಲು. ಅವತ್ತಿಂದ ನಾನು ಅರ್ಜಿ ಹಿಡ್ಕೊಂಡು ಓಡಾಡ್ತಿದೀನಿ. ಮೊದಲನೇ ಆಫೀಸಲ್ಲಿ, ಇದು ನ್ಯಾಷನಲ್ ಹೈವೇಗೆ ಹೋಯ್ತು ನಮ್ದಲ್ಲ ಅಂದ್ರು. ಎರಡನೇ ಆಫೀಸಲ್ಲಿ, ತಾತ್ವಿಕ ಒಪ್ಪಿಗೆ ಆಗಿದೆ ಅಷ್ಟೇ, ನಮ್ಗೆ ಇನ್ನೂ ಹ್ಯಾಂಡೋವರ್ ಆಗಿಲ್ಲ ಅಂದ್ರು. ಪಂಚಾಯ್ತಿಲಿ ಕೇಳಿದ್ರೆ ಹೈವೇ ಮುಟ್ಟೋಕೆ ನಮ್ಗೆ ಅಧಿಕಾರ ಇಲ್ಲ, ಬೇಕಾದ್ರೆ ಅಲ್ಲೊಂದು ಬೀದಿ ದೀಪ ಹಾಕಿಸ್ಕೊಡ್ತೀವಿ, ಗುಂಡಿ ಕಾಣತ್ತೆ ಅಂದ್ರು!! ಇಲ್ಲಿ ತಿಳಿದವ್ರು ಯಾರಾದ್ರೂ ಇದ್ರೆ ಹೇಳಿ, ಈ ಗುಂಡಿ ಯಾರ್ದು?

ಹಂಪ್‌ಹನುಮ:
ನಿಮ್ದೇ ಸಾರ್. ಮೂರು ವರ್ಷ ಅನುಭವದಲ್ಲಿದೆ, ಖಾತೆ ಮಾಡಿಸ್ಕೊಂಬಿಡಿ.

ಕಲ್ಲುನೋಡೋನು:
ಮೊದ್ಲು ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ರೆ ನ್ಯಾಷನಲ್ ಹೈವೇ, ಹಸಿರಿದ್ರೆ ಸ್ಟೇಟ್ ಹೈವೇ, ಕಿತ್ತಳೆ ಇದ್ರೆ ಹಳ್ಳಿ ರಸ್ತೆ, ನೀಲಿನೋ ಕಪ್ಪೋ ಇದ್ರೆ ಜಿಲ್ಲಾ ರಸ್ತೆ. ಸ್ಕೂಲ್ ಮಕ್ಕಳಿಗೂ ಗೊತ್ತಿರೋ ವಿಷ್ಯ ಇದು, ಮೂರು ಆಫೀಸ್ ಯಾಕೆ ಸುತ್ತಬೇಕಿತ್ತು?

ಮೋರಿಪಕ್ಕದಮನೆ:
@ಕಲ್ಲುನೋಡೋನು ನೋಡಿಯೇ ಬರ್ತಿರೋದು ಸಾರ್. ಊರೊಳಗಿನ ಕಲ್ಲು ಹಸಿರು. ಅದರ ಮುಂದಿನದು ಹಳದಿ, ಉಗುರಲ್ಲಿ ಕೆರೆದ್ರೆ ಕೆಳಗೆ ಹಸಿರು ಬರತ್ತೆ. ಮೂರನೇ ಕಲ್ಲಿನ ಮೇಲೆ ಯಾರೋ ಟವೆಲ್ ಒಣಗಾಕಿದ್ರು, ಬಣ್ಣ ಕಾಣ್ಲಿಲ್ಲ.

ನಿವೃತ್ತಜೇಯಿ:
ನಾನು ಲೋಕೋಪಯೋಗಿಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿ ಸೇರಿ ಜೂನಿಯರ್ ಇಂಜಿನಿಯರ್ (ಜೆ.ಇ.) ಆಗಿ ರಿಟೈರ್ ಆದವನು, ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ಸ್ಟೇಟ್ ಹೈವೇ, ಜಿಲ್ಲಾ ಮುಖ್ಯ ರಸ್ತೆ, ಇವೆರಡೂ ಲೋಕೋಪಯೋಗಿದು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ಕಡೆಯವ್ರದು. ಕೆಲವು ಸ್ಟೇಟ್ ಹೈವೇಗಳು 1999ರಲ್ಲಿ ಶುರುವಾದ ಕೆ.ಆರ್.ಡಿ.ಸಿ.ಎಲ್. ಅನ್ನೋ ರಾಜ್ಯದ ರಸ್ತೆ ನಿಗಮದ ಕೈಲಿವೆ, ಕೆಲವು ವಿಶ್ವಬ್ಯಾಂಕು, ಏಷ್ಯಾ ಅಭಿವೃದ್ಧಿ ಬ್ಯಾಂಕ್ (ಎ.ಡಿ.ಬಿ.) ಸಾಲದಲ್ಲಿ ಕೆ-ಶಿಪ್ ಯೋಜನೆ ಅಂತ ಅಗಲ ಆದವು. ಇನ್ನು ನ್ಯಾಷನಲ್ ಹೈವೇ ಅಂದ ಕೂಡ್ಲೆ ಎಲ್ರೂ ಹೆದ್ದಾರಿ ಪ್ರಾಧಿಕಾರಕ್ಕೆ (ಎನ್.ಎಚ್.ಎ.ಐ.) ಬಯ್ಯೋಕೆ ಶುರು ಮಾಡ್ತಾರೆ, ಅದು ತಪ್ಪು. ಟೋಲ್ ಇರೋ ದೊಡ್ಡ ನಾಲ್ಕು ಲೇನಿನವು ಬಹುಪಾಲು ಅವ್ರ ಕೈಲಿ ಸರಿ, ಆದ್ರೆ ಎರಡು ಲೇನಿನ ಎಷ್ಟೋ ನ್ಯಾಷನಲ್ ಹೈವೇನ ದಿಲ್ಲಿ ಮಂತ್ರಾಲಯದ ದುಡ್ಡಲ್ಲಿ ನೋಡ್ಕೊಳ್ಳೋದು ನಮ್ಮ ಲೋಕೋಪಯೋಗಿಯದೇ ರಾಷ್ಟ್ರೀಯ ಹೆದ್ದಾರಿ ವಿಭಾಗ. ಅಂದ್ರೆ ಒಂದೇ ಇಲಾಖೆ, ಬೋರ್ಡು ಬೇರೆ, ದುಡ್ಡಿನ ತಲೆಬರಹ ಬೇರೆ.

ನಿಮ್ಮ ರಸ್ತೆಗೆ ಬಂದಿರೋ ಕಾಯಿಲೆ ಏನು ಅಂದ್ರೆ ಈ 'ತಾತ್ವಿಕ ಒಪ್ಪಿಗೆ'. ದಿಲ್ಲಿಯಿಂದ ಒಂದು ಪತ್ರ ಬರತ್ತೆ, ಈ ಸ್ಟೇಟ್ ಹೈವೇನ ನ್ಯಾಷನಲ್ ಮಾಡೋ ಯೋಚನೆ ಇದೆ ಅಂತ. ಮೇಲ್ದರ್ಜೆಗೆ ಹೋಯ್ತು ಅಂತ ಪೇಪರಲ್ಲೂ ಬರತ್ತೆ, ಪಟಾಕಿನೂ ಹೊಡೀತಾರೆ. ಆಮೇಲೆ ಡಿ.ಪಿ.ಆರ್., ಅಂದ್ರೆ ವಿವರವಾದ ಯೋಜನಾ ವರದಿ, ಆಗ್ಬೇಕು, ಗೆಜೆಟ್ ಆಗ್ಬೇಕು, ಹಸ್ತಾಂತರ ಆಗ್ಬೇಕು. ಅಲ್ಲೀವರೆಗೂ ಸ್ಟೇಟ್‌ನವ್ರಿಗೆ, ಹೆಂಗೂ ಹೋಗೋ ರಸ್ತೆ, ಇದಕ್ಯಾಕೆ ಡಾಂಬರು ದಂಡ ಮಾಡೋದು ಅನ್ನೋ ಮನಸ್ಸು. ಗೊತ್ತಾದ ಹೆಣ್ಣಿಗೆ ಮದುವೆ ತನಕ ಅಪ್ಪನ ಮನೇಲೂ ಸೀರೆ ಇಲ್ಲ, ಅತ್ತೆ ಮನೇಲೂ ಇಲ್ಲ, ಹಂಗೆ.

ಗೆಜೆಟ್ ಆಗಿದ್ಯಾ ಇಲ್ವಾ ಅಂತ ಮಾಹಿತಿ ಹಕ್ಕಲ್ಲಿ ಕೇಳಿ. ಹತ್ತು ರೂಪಾಯಿ ಖರ್ಚು.

ಘಟ್ಟದಮೇಲಿನವ:
ಜೆ.ಇ. ಸಾಹೇಬ್ರು ಹೇಳಿದ್ದು ಖರೆ. ತೀರ್ಥಹಳ್ಳಿ ಕಡೆ ಇಂಥಾ ರಸ್ತೆ ಒಂದಲ್ಲ ಎರಡಲ್ಲ. ಆದ್ರೆ ನಂಗೆ ಒಂದು ಅರ್ಥ ಆಗಲ್ಲ ಮಾರಾಯ್ರೆ, ನಾನು ಸಣ್ಣವನಿದ್ದಾಗ ರಸ್ತೆಗೆ ಗ್ಯಾಂಗಿನವ್ರು ಅಂತ ಇರ್ತಿದ್ರು. ನಮ್ಮ ಬಸ್ ಸ್ಟಾಪಿನ ಹತ್ರ ಒಬ್ಬ ಅಜ್ಜ, ಜಡಿಮಳೆ ಹೊಡೀತಿರ್ಬೇಕಾದ್ರೆ ಕಂಬಳಿಕೊಪ್ಪೆ ಹಾಕ್ಕಂಡು ಗುದ್ದಲಿ ಹಿಡ್ಕಂಡು ರಸ್ತೆ ಬದಿ ನಡ್ಕಂಡು ಹೋಗವ. ಮಾಡ್ತಿದ್ದ ಕೆಲಸ ಇಷ್ಟೇ, ರಸ್ತೆ ಮೇಲೆ ಎಲ್ಲಿ ನೀರು ನಿಂತಿದ್ಯೋ ಅಲ್ಲಿ ಬದಿಯ ಮಣ್ಣು ಒಂದು ಗೇಣು ಕಡಿದು ಚರಂಡಿಗೆ ದಾರಿ ಬಿಡೋದು. ಎರಡು ಏಟು, ಮುಂದಕ್ಕೆ ಹತ್ತು ಹೆಜ್ಜೆ, ಮತ್ತೆರಡು ಏಟು. ಮಧ್ಯಾಹ್ನ ಬರ್ತಾ ಮೋರಿ ಬಾಯಲ್ಲಿ ಸಿಕ್ಕಾಕಿಕೊಂಡ ಸೊಪ್ಪುಸದೆ ಎಳೆದು ಹಾಕವ. ಆ ರಸ್ತೆ ಹತ್ತು ಹನ್ನೆರಡು ವರ್ಷ ಹಂಗೇ ಇತ್ತು. ಈಗ ಆ ಅಜ್ಜನೂ ಇಲ್ಲ ಆ ಪೋಸ್ಟೂ ಇಲ್ಲ, ವರ್ಷಕ್ಕೊಂದ್ಸಲ ಟೆಂಡರ್ ಕರೆದು ಜಂಗಲ್ ಕಟಿಂಗ್ ಮಾಡ್ತಾರೆ, ಅದೂ ಮಳೆ ಮುಗಿದ ಮೇಲೆ.

ನಿವೃತ್ತಜೇಯಿ:
@ಘಟ್ಟದಮೇಲಿನವ ನೀವು ಹೇಳಿದ ಆ ಎರಡು ಏಟೇ ಇಡೀ ಶಾಸ್ತ್ರ. ರಸ್ತೆಗೆ ಮೂರು ಶತ್ರು, ನೀರು, ನೀರು, ನೀರು ಅಂತ ನಮ್ಮ ಸಾಹೇಬ್ರು ಹೇಳ್ತಿದ್ರು. ಡಾಂಬರು ರಸ್ತೆ ಮಧ್ಯೆ ಎತ್ತರ ಇರತ್ತೆ, ಬದಿಗೆ ಇಳಿಜಾರು. ನೂರಕ್ಕೆ ಎರಡೂವರೆ. ಏಳು ಮೀಟರ್ ರಸ್ತೆ ಅಂದ್ರೆ ನಡುವೆ ಎಂಟೊಂಬತ್ತು ಸೆಂಟಿಮೀಟರ್ ಎತ್ತರ ಅಷ್ಟೇ, ಕಣ್ಣಿಗೆ ಕಾಣಲ್ಲ, ನೀರಿಗೆ ಗೊತ್ತಾಗತ್ತೆ. ಆದ್ರೆ ಬದಿ ಮಣ್ಣು ವರ್ಷಾ ವರ್ಷ ಬೆಳ್ಕೊಂಡು ಹೋಗತ್ತೆ, ಹುಲ್ಲು ಬೇರೆ. ಕೊನೆಗೆ ಬದಿಯೇ ಎತ್ತರ, ರಸ್ತೆಯೇ ಚರಂಡಿ. ಆಮೇಲೆ ನೀವು ಎಷ್ಟು ಒಳ್ಳೇ ಡಾಂಬರು ಹಾಕಿದ್ರೂ ಅಷ್ಟೇ.

ಮೋರಿಪಕ್ಕದಮನೆಯವ್ರೇ, ನಿಮ್ಮ ಗುಂಡಿ ನಾಲ್ಕು ಸಲ ಅದೇ ಜಾಗದಲ್ಲಿ ಬಂದಿದೆ ಅಂದ್ರೆ ಕಾಯಿಲೆ ಮೇಲಿಲ್ಲ, ಕೆಳಗಿದೆ. ಗುಂಡಿ ಬಿಟ್ಟು ಮೋರಿ ಬಗ್ಗಿ ನೋಡಿ. ಆ ಕಡೆ ಬೆಳಕು ಕಾಣತ್ತಾ?

ಕೃಷ್ಣಾತೀರ:
ನಿಮ್ದು ಕೆಂಪು ಮಣ್ಣರೀ, ನೀವು ಪುಣ್ಯವಂತ್ರು. ನಮ್ಮ ಬಾಗಲಕೋಟಿ ಕಡೆ ಬಂದು ನೋಡ್ರಿ. ಎರಿ ಭೂಮಿ. ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡ್ತೈತಿ, ಮಳಿ ಬಿತ್ತಂದ್ರ ಹಿಟ್ಟು ನಾದಿಟ್ಟಂಗ ಉಬ್ಬತೈತಿ. ಅದರ ಮ್ಯಾಲ ಬಂಗಾರದ ರಸ್ತಾ ಮಾಡಿದ್ರೂ ಹಪ್ಪಳ ಆಗತೈತಿ. ಕೆಳಗಿಂದ ಎರಿ ತಗದು ಗರಸು ಹಾಕಬೇಕು, ಇಲ್ಲಂದ್ರ ಸುಣ್ಣ ಕಲಿಸಿ ಗಟ್ಟಿ ಮಾಡಬೇಕು. ಅದಕ್ಕ ರೊಕ್ಕ ಜಾಸ್ತಿ, ಮಾಡೂದಿಲ್ಲ, ಮ್ಯಾಲ ಕರಿ ಬಣ್ಣ ಬಡದು ಫೋಟೋ ತಗೋತಾರ.

ಇನ್ನ ಫ್ಯಾಕ್ಟರಿ ಚಾಲೂ ಆತಂದ್ರ ಕಬ್ಬಿನ ಟ್ರ್ಯಾಕ್ಟರ್. ಒಂದು ಇಂಜಿನ್ನಿಗೆ ಎರಡು ಟ್ರೇಲರ್, ಹಿಂದ ಲೈಟಿಲ್ಲ, ರೇಡಿಯಂ ಸ್ಟಿಕರಿಲ್ಲ, ಟೇಪು ಮಾತ್ರ ಮೂರು ಊರಿಗೆ ಕೇಳ್ತೈತಿ. ರಾತ್ರಿ ಎದುರಿನ ಗಾಡಿ ಲೈಟಿಗೆ ಕಣ್ಣು ಕಟ್ಟಿದಾಗ ಮುಂದ ಕಬ್ಬು ಐತೋ ಕತ್ತಲಿ ಐತೋ ತಿಳಿಯೂದಿಲ್ಲ. ನಮ್ಮ ಓಣ್ಯಾಗ ಇಬ್ರು ಹುಡುಗ್ರು ಹಂಗ ಹೋಗ್ಯಾರ.

ಟಿಪ್ಪರ್‌ರಾಜ:
ಸುಮ್ನೆ ಎಲ್ಲಾದಕ್ಕೂ ಲೋಡ್ ಗಾಡಿ ಮೇಲೆ ಹಾಕೋದು ಒಂದು ಫ್ಯಾಷನ್ ಆಗಿದೆ. ನಾನು ಹದಿನಾರು ವರ್ಷದಿಂದ ಟಿಪ್ಪರ್ ಓಡಿಸ್ತಿದೀನಿ. ನಿಮ್ಮನೆ ಮರಳು ಜಲ್ಲಿ ಆಕಾಶದಿಂದ ಬಂದಿದ್ದಾ? 2018ರಲ್ಲಿ ಸೆಂಟ್ರಲ್‌ನವ್ರೇ ಲೋಡ್ ಜಾಸ್ತಿ ಮಾಡಿ ಆರ್ಡರ್ ಮಾಡಿದ್ರು, ನಾಲ್ಕು ಟೈರಿನ ಒಂದು ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯ್ತು. ಕಾನೂನೇ ಒಪ್ಕೊಂಡಿದೆ ಅಂದ್ಮೇಲೆ ರಸ್ತೆ ಅದಕ್ಕೆ ತಕ್ಕಂಗೆ ಮಾಡ್ಬೇಕಾದ್ದು ಇಂಜಿನಿಯರ್ ಕೆಲಸ. ಓವರ್‌ಲೋಡ್ ಇಲ್ಲ ಅನ್ನಲ್ಲ, ಓನರ್ ಹೇಳಿದಷ್ಟು ಹಾಕ್ಕೊಂಡು ಹೋಗ್ತೀವಿ, ಇಲ್ಲ ಅಂದ್ರೆ ನಾಳೆ ಸ್ಟೇರಿಂಗ್ ಮೇಲೆ ಇನ್ನೊಬ್ಬ ಕೂತಿರ್ತಾನೆ.

ಲ್ಯಾಬ್‌ಪುಟ್ಟ:
@ಟಿಪ್ಪರ್‌ರಾಜ ಅಣ್ಣ, ಕೋಪ ಬೇಡ, ಒಂದು ಲೆಕ್ಕ ಕೇಳಿ. 1950ರ ದಶಕದ ಕೊನೇಲಿ ಅಮೆರಿಕದ ಇಲಿನಾಯ್‌ನಲ್ಲಿ ಬರೀ ಇದಕ್ಕೇ ಅಂತ ರಸ್ತೆ ಮಾಡಿ ಎರಡು ವರ್ಷ ಹಗಲು ರಾತ್ರಿ ಲಾರಿ ಓಡಿಸಿ ನೋಡಿದ್ರು. ಅದರಲ್ಲಿ ಗೊತ್ತಾಗಿದ್ದು ಏನಂದ್ರೆ ಆಕ್ಸಲ್ ಭಾರ ಎರಡು ಪಟ್ಟಾದ್ರೆ ರಸ್ತೆಗಾಗೋ ಪೆಟ್ಟು ಎರಡು ಪಟ್ಟಲ್ಲ, ಹೆಚ್ಚುಕಮ್ಮಿ ಹದಿನಾರು ಪಟ್ಟು. ಅಂದ್ರೆ 10.2 ಇದ್ದದ್ದು 11.5 ಆದ್ರೆ ಭಾರ ಜಾಸ್ತಿ ಆಗಿದ್ದು ನೂರಕ್ಕೆ ಹದಿಮೂರು, ಪೆಟ್ಟು ಜಾಸ್ತಿ ಆಗಿದ್ದು ನೂರಕ್ಕೆ ಅರವತ್ತು. ಇನ್ನು ಓವರ್‌ಲೋಡ್ ಆದ್ರೆ ನೀವೇ ಹಾಕಿ ಲೆಕ್ಕ. ಅರ್ಧ ಟನ್ ಆಕ್ಸಲಿನ ಕಾರು ಲಕ್ಷ ಸಲ ಓಡಾಡಿದ್ರೂ ನಿಮ್ಮ ಒಂದು ಟ್ರಿಪ್ಪಿನಷ್ಟು ರಸ್ತೆ ಕೆಡಲ್ಲ.

ಟಿಪ್ಪರ್‌ರಾಜ:
ಹಂಗಾದ್ರೆ ಕಾರಿನವ್ರಿಗೆ ರಸ್ತೆ ಯಾಕೆ, ಗದ್ದೆ ಬದು ಸಾಕಲ್ವಾ. ನಾನು ಕಟ್ಟೋ ಡೀಸೆಲ್ ಸೆಸ್ಸು, ಟ್ಯಾಕ್ಸು, ಟೋಲು ಎಲ್ಲಾ ಕೂಡಿಸಿ ನೋಡಿ ಮೊದ್ಲು.

ಸಂಡೂರುಹುಡ್ಗ:
ನಮ್ಮಲ್ಲಿ ಅದಿರು ಲಾರಿ ಟೈಮಲ್ಲಿ ಇದ್ದೋರಿಗೆ ಈ ಲೆಕ್ಕ ಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸೋ ತನಕ ಹೊಸಪೇಟೆ ರೋಡಲ್ಲಿ ಲಾರಿ ಹಿಂದೆ ಲಾರಿ, ರಸ್ತೆ ಅಂದ್ರೆ ಎರಡು ಕಾಲುವೆ, ಮಧ್ಯೆ ಒಂದು ಬದು. ಮನೆ ತುಳಸಿ ಗಿಡನೂ ಕೆಂಪಗಿರೋದು. ಬೈಕಲ್ಲಿ ಕಾಲೇಜಿಗೆ ಹೋಗಿ ಬಂದ್ರೆ ಬಿಳಿ ಅಂಗಿ ನೋಡಿ ಅಮ್ಮ ಬಯ್ಯೋಳು.

ಪಡುವಣಗಾಳಿ:
ಸ್ವಲ್ಪ ವಿಷಯಾಂತರ. ರಸ್ತೆ ನಂಬರ್ ಬದಲಾಯ್ಸಿದ್ದು ಯಾರು ಮಾರ್ರೆ? 2010ರಲ್ಲಿ ಎಲ್ಲ ಅಡಿಮೇಲು ಮಾಡಿದ್ರು. ನಮ್ಮ ಕರಾವಳಿ ರೋಡು ಹದಿನೇಳು ಇದ್ದದ್ದು ಅರವತ್ತಾರು ಆಯ್ತು, ಅದಾದ್ರೂ ಇರ್ಲಿ. ನಮ್ಮ ಅಪ್ಪನಿಗೆ 48 ಅಂದ್ರೆ ಮಂಗಳೂರು ಬೆಂಗಳೂರು ರೋಡು. ಈಗ ಅದು 75. ಮೊದಲಿನ ನಾಲ್ಕು, ಅದೇ ಪುಣೆ ರೋಡು, ಅದಕ್ಕೆ 48 ಅಂತ ಇಟ್ಟಿದ್ದಾರೆ. ನಮ್ಮ ಅಪ್ಪ ಫೋನಲ್ಲಿ, ನಲವತ್ತೆಂಟರಲ್ಲೇ ಬಾ ಅಂತ ಅಳಿಯನಿಗೆ ಹೇಳಿದ್ದು, ಅವ ಪಾಪ ಬೆಂಗಳೂರಲ್ಲಿ ಬೆಳೆದವ, ಮ್ಯಾಪ್ ಹಾಕಿಕೊಂಡು ತುಮಕೂರು ದಾಟಿ ಶಿರಾ ಹತ್ತಿರ ಹೋಗಿ ಫೋನ್ ಮಾಡಿದ, ಮಾವ ಘಾಟಿ ಇನ್ನೂ ಬರ್ಲಿಲ್ಲ ಅಂತ.

ಮತ್ತೆ ಸ್ಟೇಟ್ ಹೈವೇ ನಂಬರ್ ಒಂದು ಎಲ್ಲಿಂದ ಎಲ್ಲಿಗೆ ಗೊತ್ತುಂಟಾ? ನಮ್ಮ ಪಡುಬಿದ್ರಿಯಿಂದ ಕಾರ್ಕಳ ಮೇಲೆ ಹೋಗಿ ಬೆಳಗಾವಿ ಜಿಲ್ಲೆಯ ಚಿಕ್ಕಲಗುಡ್ಡದವರೆಗೆ.

ಮದ್ದೂರುವಡೆ:
ಬೆಂಗಳೂರು ಮೈಸೂರು ರೋಡೂ ಸ್ಟೇಟ್ ಹೈವೇ 17 ಆಗಿತ್ತು ಸ್ವಾಮಿ, ಆಮೇಲೆ 275. ನಾಲ್ಕು ಲೇನ್ ಇದ್ದಾಗ ಗಾಡಿ ನಿಲ್ಸಿ ವಡೆ ತಿಂತಿದ್ರು, 2023ರ ಮಾರ್ಚಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು, ಆಗಸ್ಟಿಂದ ಬೈಕು ಆಟೋ ಟ್ರ್ಯಾಕ್ಟರ್ ಮೇನ್ ರೋಡಿಗೆ ಬರಂಗಿಲ್ಲ ಅಂದ್ರು. ಈಗ ನಮ್ಮೂರಿನ ಮೇಲೆ ಗಾಡಿ ಹಾರೋಗ್ತವೆ, ವಡೆ ಅಂಗ್ಡೀಲಿ ನೊಣ ಹೊಡೀತಾ ಕುಂತವ್ರೆ. ಗುಂಡಿ ಇದ್ರೆ ಕನಿಷ್ಠ ಗಾಡಿನಾದ್ರೂ ನಿಲ್ತದೆ ಬುಡಿ.

ಹಂಪ್‌ಹನುಮ:
@ಮದ್ದೂರುವಡೆ ಅದಕ್ಕೇ ನಾನು ಹೇಳೋದು, ಎಲ್ಲಾ ಅಂಗಡಿ ಮುಂದೆ ಒಂದೊಂದು ಹಂಪ್ ಹಾಕಿಸ್ಬೇಕು.

ಲ್ಯಾಬ್‌ಪುಟ್ಟ:
ಹಂಪ್ ವಿಷ್ಯ ಎತ್ಬೇಡಿ, ಬಿ.ಪಿ. ಏರತ್ತೆ. ನಿಯಮದ ಪ್ರಕಾರ ಹಂಪ್ ಅಂದ್ರೆ 3.7 ಮೀಟರ್ ಉದ್ದ, ನಡುವೆ ಹತ್ತು ಸೆಂಟಿಮೀಟರ್ ಎತ್ತರ, ಗಾಡಿ ತೊಟ್ಟಿಲು ತೂಗಿದಂಗೆ ದಾಟ್ಬೇಕು. ನಮ್ಮಲ್ಲಿ ರಾತ್ರೋರಾತ್ರಿ ಡಾಂಬರಲ್ಲಿ ಒಂದು ಹೆಣ ಮಲಗಿಸಿದಂಗೆ ಹಾಕ್ತಾರೆ, ಬಣ್ಣ ಇಲ್ಲ ಬೋರ್ಡಿಲ್ಲ. ಗೊತ್ತಾ, ಹಂಪ್ ಹಿಂದೇನೂ ನೀರು ನಿಲ್ಲತ್ತೆ, ಅಲ್ಲೇ ಮುಂದಿನ ಗುಂಡಿ ಶುರು.

ಕ್ಲಾಸ್‌ತ್ರೀ:
ನಾನು ಸಣ್ಣ ಗುತ್ತಿಗೆದಾರ. ನೀವೆಲ್ಲ ಕಂಟ್ರಾಕ್ಟರಿಗೆ ಇನ್ನೂ ಬೈದಿಲ್ಲ, ಬಯ್ಯೋ ಮುಂಚೆ ನಾನೇ ಹೇಳ್ಬಿಡ್ತೀನಿ. ಪ್ಯಾಚ್ ವರ್ಕ್ ಟೆಂಡರ್ ಕರೀತಾರೆ, ಎಸ್ಟಿಮೇಟ್ ಮಾಡಿರೋದು ಹಳೇ ಎಸ್.ಆರ್.ನಲ್ಲಿ, ಅಂದ್ರೆ ಇಲಾಖೆಯ ಹಳೇ ದರಪಟ್ಟಿಯಲ್ಲಿ. ಅದಕ್ಕೂ ನಾಲ್ಕು ಜನ ಇಪ್ಪತ್ತು ಪರ್ಸೆಂಟ್ ಲೆಸ್ (ಕಮ್ಮಿ ರೇಟು) ಹಾಕ್ತಾರೆ, ಕೆಲಸ ಇಲ್ದೇ ಖಾಲಿ ಕೂರಬಾರ್ದು ಅಂತ. ಕಮ್ಮಿ ಹಾಕಿದವನಿಗೆ ಕೆಲಸ. ಆ ರೇಟಲ್ಲಿ ಕೆಲಸ ಮಾಡಿದ್ರೆ ಉಳಿಯೋದು ಏನು ಅಂತ ಯಾರೂ ಕೇಳಲ್ಲ. ಕೆಲಸ ಮುಗ್ಸಿ ಎಂ.ಬಿ. (ಅಳತೆ ಪುಸ್ತಕ) ಬರೆಸಿ ಬಿಲ್ ಹಾಕಿದ್ರೆ ಎಲ್.ಒ.ಸಿ. (ದುಡ್ಡು ಬಿಡುಗಡೆ ಪತ್ರ) ಬರೋ ತನಕ ಬಡ್ಡಿ ಕಟ್ತಾ ಕೂರ್ಬೇಕು. ನನ್ನ ಹೆಂಡ್ತಿ ಸರ ಎರಡು ವರ್ಷದಿಂದ ಬ್ಯಾಂಕಲ್ಲಿದೆ. ಕೆಟ್ಟ ಕೆಲಸ ಮಾಡೋರು ಇದಾರೆ, ಇಲ್ಲ ಅನ್ನಲ್ಲ. ಆದ್ರೆ ಸರಿಯಾಗಿ ಮಾಡೋನು ಮೊದ್ಲು ಮುಳುಗ್ತಾನೆ.

ಕೃಷ್ಣಾತೀರ:
@ಕ್ಲಾಸ್‌ತ್ರೀ ಲೆಸ್ ಹಾಕು ಅಂತ ನಿಮಗ ಯಾರು ಹೇಳಿದ್ರರೀ? ಹಾಕೂದೂ ನೀವ, ಅಳೂದೂ ನೀವ.

ಕ್ಲಾಸ್‌ತ್ರೀ:
@ಕೃಷ್ಣಾತೀರ ಹಾಕದೇ ಇದ್ರೆ ಮಿಷನ್ ಸಾಲದ ಕಂತು ನೀವು ಕಟ್ತೀರಾ?

ನಿವೃತ್ತಜೇಯಿ:
ಇಬ್ರೂ ಜಗಳ ಬಿಡಿ. ಗುಂಡಿ ಮುಚ್ಚೋದು ಹೇಗೆ ಅಂತ ಹೇಳ್ತೀನಿ, ಅದನ್ನ ನೋಡಿ ಯಾರದ್ದು ತಪ್ಪು ಅಂತ ನೀವೇ ತೀರ್ಮಾನ ಮಾಡಿ. ಗುಂಡಿ ಸುತ್ತ ಸಡಿಲ ಇರೋದನ್ನೆಲ್ಲ ಚೌಕವಾಗಿ ಕತ್ತರಿಸ್ಬೇಕು, ಗೋಡೆ ನೆಟ್ಟಗಿರ್ಬೇಕು. ಒಳಗಿನ ಮಣ್ಣು ನೀರು ತೆಗೆದು ಬ್ರಷ್ ಹಾಕಿ ಒಣಗಿಸ್ಬೇಕು. ತಳಕ್ಕೂ ಗೋಡೆಗೂ ಟ್ಯಾಕ್ ಕೋಟ್ ಅಂತ ತೆಳ್ಳಗೆ ಡಾಂಬರು ಎಮಲ್ಷನ್ ಹೊಡೀಬೇಕು, ಅದೇ ಅಂಟು. ಆಮೇಲೆ ಬಿಸಿ ಮಿಕ್ಸ್ ಹಾಕಿ ರೋಲರ್. ವಿ.ಜಿ. 30 ಅನ್ನೋ ದರ್ಜೆಯ ಡಾಂಬರಾದ್ರೆ ಹಾಸುವಾಗ 140 ಡಿಗ್ರಿ ಇರ್ಬೇಕು, ರೋಲಿಂಗ್ ಮುಗಿಯೋ ಹೊತ್ತಿಗೆ 90ಕ್ಕಿಂತ ಕೆಳಗೆ ಇಳೀಬಾರದು. ಈಗ ನಡೆಯೋದೇನು? ಪ್ಲಾಂಟಿಂದ ಐವತ್ತು ಕಿಲೋಮೀಟರ್ ಟ್ರ್ಯಾಕ್ಟರಲ್ಲಿ ಮಿಕ್ಸ್ ಬರತ್ತೆ, ಟಾರ್ಪಾಲಿಲ್ಲ, ತಣ್ಣಗಾಗಿ ಉಪ್ಪಿಟ್ಟಾಗಿರತ್ತೆ. ನೀರಿರೋ ಗುಂಡಿಗೇ ಸಲಿಕೇಲಿ ಸುರಿದು ಸಲಿಕೆ ಹಿಂಬದಿಲಿ ನಾಲ್ಕು ಏಟು, ಆಯ್ತು. ಅದು ಗುಂಡಿ ಮುಚ್ಚಿದ್ದಲ್ಲ, ಗುಂಡಿಗೆ ಊಟ ಹಾಕಿದ್ದು.

ಕಾಸರಗೋಡುಕನ್ನಡ:
ನಮ್ಮ ಕಾಸರಗೋಡಿನಲ್ಲಿ ಒಂದು ಒಳ್ಳೆ ಪದ್ಧತಿ ಬಂದಿದೆ, ಕೇರಳ ಲೋಕೋಪಯೋಗಿಯವರು ರಸ್ತೆ ಬದಿಯಲ್ಲಿ ಬೋರ್ಡು ಹಾಕಿದ್ದಾರೆ. ಕೆಲಸದ ಹೆಸರು, ಗ್ಯಾರಂಟಿ ಅವಧಿ ಯಾವಾಗಿನಿಂದ ಯಾವಾಗಿನವರೆಗೆ, ಕಂಟ್ರಾಕ್ಟರ್ ಫೋನು, ಇಂಜಿನಿಯರ್ ಫೋನು. ಗುಂಡಿ ಬಿದ್ದರೆ ಯಾರಿಗೆ ಹೇಳಬೇಕು ಎಂದು ಆಫೀಸು ಸುತ್ತಬೇಕಾಗಿಲ್ಲ. ಗ್ಯಾರಂಟಿ ಮುಗಿದ ರಸ್ತೆಗಳಿಗೆ ರನ್ನಿಂಗ್ ಕಂಟ್ರಾಕ್ಟ್ ಎಂದು ಮಾಡಿದ್ದಾರೆ, ಒಂದು ಭಾಗದ ರಸ್ತೆಗಳನ್ನು ಮೊದಲೇ ಒಬ್ಬನಿಗೆ ವಹಿಸಿಬಿಡುವುದು. ನಮ್ಮಲ್ಲಿ ಗುಂಡಿಯೇ ಇಲ್ಲ ಎಂದು ಹೇಳುವುದಿಲ್ಲ, ಮಳೆಗಾಲದಲ್ಲಿ ನಾವೂ ಬಿದ್ದಿದ್ದೇವೆ. ಬಿದ್ದ ಮೇಲೆ ಬಯ್ಯಲಿಕ್ಕೆ ಒಂದು ನಂಬರ್ ಉಂಟು, ಅಷ್ಟೇ ವ್ಯತ್ಯಾಸ.

ಟಿಪ್ಪರ್‌ರಾಜ:
ಬೋರ್ಡ್ ನಮ್ಮಲ್ಲೂ ಇದೆ. ಶಾಸಕರ ಫೋಟೋ ದೊಡ್ಡದು, ಫೋನ್ ನಂಬರ್ ಜಾಗದಲ್ಲಿ ತುಕ್ಕು.

ಕಲ್ಲುನೋಡೋನು:
ತಮಿಳ್ನಾಡಲ್ಲೂ ಪೊಳ್ಳಾಚಿ ಕಡೆ ಐದು ವರ್ಷಕ್ಕೆ ಇಡೀ ಡಿವಿಷನ್ನಿನ ರಸ್ತೆ ಒಬ್ರಿಗೇ ಕೊಟ್ಟು, ಗುಂಡಿ ಎಣಿಸಿ ದುಡ್ಡು ಕೊಡೋದಲ್ಲ, ಗುಂಡಿ ಇಲ್ದೇ ಇದ್ರೆ ದುಡ್ಡು ಅನ್ನೋ ಥರ ಮಾಡಿದ್ರು. ನಮ್ಮಲ್ಲಿ ಗ್ರಾಮ ಸಡಕ್ ರಸ್ತೆಗೂ ಕಟ್ಟಿದವನೇ ಐದು ವರ್ಷ ನೋಡ್ಕೋಬೇಕು ಅಂತ ಕರಾರಲ್ಲೇ ಇದೆ. ಅದಕ್ಕೇ ಎಷ್ಟೋ ಕಡೆ ಹೈವೇಗಿಂತ ಹಳ್ಳಿ ರಸ್ತೆನೇ ನೀಟಾಗಿರೋದು.

ಡೆಟ್ರಾಯ್ಟ್‌ಗೌಡ:
ಇಲ್ಲಿ ಮಿಷಿಗನ್‌ನಲ್ಲಿ ಇದೀನಿ. ಗುಂಡಿ ಇಲ್ಲ ಅನ್ಕೊಂಡಿದ್ರೆ ಮರೆತುಬಿಡಿ. ಚಳಿಗಾಲದಲ್ಲಿ ಸಂದಿಗೆ ಹೋದ ನೀರು ಹೆಪ್ಪುಗಟ್ಟಿ ಉಬ್ಬಿ ರಸ್ತೆ ಒಡೆಯತ್ತೆ, ಮಾರ್ಚ್ ಬಂದ್ರೆ ರಿಮ್ ಬೆಂಡಾಗಿಸ್ಕೊಳ್ಳೋದೇ ಸೀಸನ್. ಆದ್ರೆ ಇಲ್ಲಿ ಒಂದು ನಿಯಮ ನಂಗೆ ಇಷ್ಟ, ಹಿಮ ಕರಗೋ ವಾರಗಳಲ್ಲಿ ನೆಲ ಮೆತ್ತಗಿರತ್ತೆ ಅಂತ ಲಾರಿ ಲೋಡು 35 ಪರ್ಸೆಂಟ್ ವರೆಗೂ ಕಮ್ಮಿ ಮಾಡಿಸ್ತಾರೆ. ನಮ್ಮೂರಲ್ಲಿ ಜುಲೈ ಆಗಸ್ಟಲ್ಲಿ ಹಂಗೆ ಮಾಡಿದ್ರೆ ಹೆಂಗಿರತ್ತೆ?

ದುಡ್ಡಿನ ಕಥೆ ಇಲ್ಲೂ ಅಷ್ಟೇ. ಗ್ಯಾಲನ್ ಪೆಟ್ರೋಲಿಗೆ 18.4 ಸೆಂಟ್ ಕೇಂದ್ರದ ತೆರಿಗೆ, 1993ರಿಂದ ಒಂದು ಸೆಂಟೂ ಏರಿಸಿಲ್ಲ.

ಟಿಪ್ಪರ್‌ರಾಜ:
@ಡೆಟ್ರಾಯ್ಟ್‌ಗೌಡ ಗೌಡ್ರೇ ಮಳೆಗಾಲದಲ್ಲಿ ನಮ್ಗೆ ಬಾಡಿಗೆನೇ ಅರ್ಧ, ಅದರಲ್ಲಿ 35 ಪರ್ಸೆಂಟ್ ಕಡಿದ್ರೆ ನೀವು ಡಾಲರ್ ಕಳಿಸ್ತೀರಾ?

ಹುಣಸೆಮರ:
ರಸ್ತೆ ಮೇಂಟೆನೆನ್ಸ್ ಅಂದ್ರೆ ಬರೀ ಡಾಂಬರು ಅಂತ ಮಾತಾಡ್ತಿದೀರ, ಮರಗಳ ಬಗ್ಗೆ ಒಬ್ರೂ ಎತ್ತಿಲ್ಲ. ನಮ್ಮ ತಾತ ರಸ್ತೆ ಬದಿ ಹುಣಸೆ ಹರಾಜು ಹಿಡೀತಿದ್ರು. ಇಷ್ಟನೇ ಮೈಲಿಂದ ಇಷ್ಟನೇ ಮೈಲಿವರೆಗೆ ಅಂತ ಕೂಗೋರು, ಮರದ ಬುಡಕ್ಕೆ ಸುಣ್ಣ ಕೆಮ್ಮಣ್ಣು ಪಟ್ಟೆ, ಅದರ ಮೇಲೆ ನಂಬರ್. ಹುಣಸೆ ಬಡಿಯೋ ವಾರ ನಮಗೆ ಶಾಲೆ ಇಲ್ಲ. ಅಗಲೀಕರಣ ಅಂತ ಬಂದು ಎಲ್ಲಾ ಕಡಿದ್ರು. ಕುದೂರು ಹುಲಿಕಲ್ ಮಧ್ಯೆ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲದ ಮರಗಳಿಗೇ 2019ರಲ್ಲಿ ರಸ್ತೆ ಅಗಲೀಕರಣದ ಭಯ ಬಂದಿತ್ತು ಅಂದ್ಮೇಲೆ ನಮ್ಮ ತಾತನ ಹುಣಸೆ ಯಾರಿಗೆ ಲೆಕ್ಕ.

ಮದ್ದೂರುವಡೆ:
@ಹುಣಸೆಮರ ಹಳೇದು ನೆನಪಿಸ್ಬೇಡಿ. ಆ ಕಾಲದ ಐ.ಬಿ. (ಸರ್ಕಾರಿ ಪ್ರವಾಸಿ ಬಂಗಲೆ) ಕೋಳಿ ಸಾರು ನೆನಪಾಯ್ತು. ಯಾವೂರಿನ ಐ.ಬಿ.ಗೆ ಹೋದ್ರೂ ಅಡುಗೆ ಮಾಡೋ ಒಬ್ಬ ಮೇಟಿ ಇರೋನು, ಎರಡು ಗಂಟೆ ಮುಂಚೆ ಹೇಳ್ಬಿಟ್ರೆ ಸಾಕು.

ನಿವೃತ್ತಜೇಯಿ:
ಆ ಕೋಳಿ ದುಡ್ಡು ಯಾರ ಜೇಬಿಂದ ಹೋಗ್ತಿತ್ತು ಅಂತ ಮಾತ್ರ ಕೇಳ್ಬೇಡಿ.

ಪಡುವಣಗಾಳಿ:
😂😂 ಜೆ.ಇ. ಜೇಬಿಂದ ಅಂತ ಈಗ ಗೊತ್ತಾಯ್ತು.

ಮೋರಿಪಕ್ಕದಮನೆ:
ಅಪ್‌ಡೇಟ್. ಜೆ.ಇ. ಸಾರ್ ಹೇಳಿದ ಮೇಲೆ ಭಾನುವಾರ ಬೆಳಿಗ್ಗೆ ಮೋರಿ ಹತ್ರ ಇಳಿದೆ. ಬಗ್ಗಿ ನೋಡಿದ್ರೆ ಬೆಳಕು ಇಲ್ಲ ಏನಿಲ್ಲ, ಎರಡು ಪೈಪಲ್ಲಿ ಒಂದು ಪೂರ್ತಿ ಕಟ್ಟಿದೆ, ಇನ್ನೊಂದು ಮುಕ್ಕಾಲು. ಮೇಲುಗಡೆ ಹೊಲದ ನೀರೆಲ್ಲಾ ಬಂದು ರಸ್ತೆ ಪಕ್ಕ ಕೆರೆ ಥರ ನಿಂತ್ಕೊಳತ್ತೆ, ಮೂರು ವರ್ಷದಿಂದ ಅದನ್ನ ನಾವು ಎಮ್ಮೆ ಮೈ ತೊಳೆಯೋಕೆ ಬಳಸ್ತಿದ್ವಿ, ನಾಚಿಕೆ ಆಗತ್ತೆ ಹೇಳೋಕೆ. ಭಾವಮೈದ ಒಂದು ಕೈಗೆ ಕಟ್ಟು ಹಾಕ್ಕೊಂಡೇ ಬಂದ, ಪಕ್ಕದ ತೋಟದವ್ರು ನಾಲ್ಕು ಜನ ಹಾರೆ ಗುದ್ದಲಿ ತಂದ್ರು. ಒಳಗಿಂದ ತೆಗೆದಿದ್ದು ತೆಂಗಿನ ಮಟ್ಟೆ, ಗೊಬ್ಬರದ ಚೀಲ, ಮದುವೆ ಊಟದ ಎಲೆ, ಒಂದು ಮೋಟ್ರು ಪೈಪಿನ ತುಂಡು, ಮತ್ತೆ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸು, ಮಡಚಿ ಸರಿಯಾಗಿ ಪೈಪಿನ ಬಾಯಿಗೇ ಬಿರಡೆ ಥರ ಕೂತಿತ್ತು. ಅದನ್ನ ಎಳೆದ ತಕ್ಷಣ ನೀರು ಹೋದ ರಭಸಕ್ಕೆ ಒಬ್ಬನ ಚಪ್ಪಲಿ ಹೋಯ್ತು. ಮೂರು ಗಂಟೇಲಿ ಪೂರ್ತಿ ಖಾಲಿ. ಮೂರು ವರ್ಷದಲ್ಲಿ ಮೊದಲನೇ ಸಲ ಗುಂಡಿ ತಳ ನೋಡಿದೆ.

ಘಟ್ಟದಮೇಲಿನವ:
ಆ ಅಜ್ಜ ಇದ್ದಿದ್ರೆ ಐದು ನಿಮಿಷದ ಕೆಲಸ. ಭಾವಮೈದನಿಗೆ ನಮಸ್ಕಾರ ಹೇಳಿ.

ಕಲ್ಲುನೋಡೋನು:
ಒಳ್ಳೇದೇ, ಆದ್ರೆ ಸರ್ಕಾರದ ಕೆಲಸ ನೀವು ಮಾಡಿಕೊಟ್ರೆ ನಾಳೆ ಅದೇ ಮೋರಿ ಕ್ಲೀನಿಂಗಿಗೆ ಯಾರೋ ಬಿಲ್ ತಗೋತಾರೆ. ಫೋಟೋ ಇಟ್ಕೊಂಡಿದೀರ ತಾನೇ?

ನಿವೃತ್ತಜೇಯಿ:
ಭೇಷ್. ಈಗ ಗುಂಡಿ ಮುಚ್ಚಿದ್ರೆ ನಿಲ್ಲತ್ತೆ. ಇನ್ನೊಂದು ಕೆಲಸ ಮಾಡಿ. ಮೋರಿ ಪಕ್ಕದ ತಡೆಗೋಡೆ ಮೇಲೆ ನಂಬರ್ ಬರೆದಿರ್ತಾರೆ, ಪಾಚಿ ಉಜ್ಜಿ ನೋಡಿ. 12/3 ಅಂತಿದ್ರೆ ಹನ್ನೆರಡನೇ ಕಿಲೋಮೀಟರಿನ ಮೂರನೇ ಮೋರಿ ಅಂತ ಅರ್ಥ. ಅರ್ಜೀಲಿ ನಮ್ಮೂರ ಹತ್ರ ಗುಂಡಿ ಅಂತ ಬರೆದ್ರೆ ಯಾರೂ ಓದಲ್ಲ, ಆ ನಂಬರ್ ಹಾಕಿ ಬರೆದ್ರೆ ರಿಜಿಸ್ಟರ್ ತೆಗೀಲೇಬೇಕು.

ಮೋರಿಪಕ್ಕದಮನೆ:
ಸಾರ್ ಈಗಷ್ಟೇ ತೆಂಗಿನ ನಾರು ಹಾಕಿ ಉಜ್ಜಿ ಬಂದೆ. ಎರಡು ನಂಬರ್ ಇದೆ!! ಎಡಗಡೆ ಗೋಡೆ ಮೇಲೆ 23/2, ಕರಿ ಬಣ್ಣ, ಹಳೇದು. ಬಲಗಡೆ ಗೋಡೆ ಮೇಲೆ 71/4, ಹೊಸ ಥರ ಇದೆ.

ನಿವೃತ್ತಜೇಯಿ:
ಹಾಗಾದ್ರೆ ಹೊಸ ಲೆಕ್ಕದಲ್ಲಿ ಯಾರೋ ಬಂದು ನಿಮ್ಮ ಮೋರಿ ಎಣಿಸಿಕೊಂಡು ಹೋಗಿದಾರೆ. 71ನೇ ಕಿಲೋಮೀಟರ್ ಅಂದ್ರೆ ಬೇರೆ ಕಡೆಯಿಂದ ಅಳತೆ ಶುರು ಮಾಡಿದಾರೆ, ಹೊಸ ಹೈವೇಯವ್ರದೇ ಇರ್ಬೇಕು. ಅರ್ಜೀಲಿ ಎರಡೂ ನಂಬರ್ ಹಾಕಿ, ಎರಡೂ ಆಫೀಸಿಗೆ ಒಂದೇ ಅರ್ಜಿ ಕೊಡಿ, ಒಬ್ರ ಪ್ರತಿ ಇನ್ನೊಬ್ರಿಗೆ ಅಂತ ಕೆಳಗೆ ಬರೀರಿ. ಮತ್ತೆ 71/4 ಬ್ರಷ್ಷಲ್ಲಿ ಬರೆದಿದಾರಾ ಅಥವಾ ಅಚ್ಚಿಟ್ಟು ಬರೆದಿದಾರಾ? ಬರೀ ಬ್ರಷ್ಷಾದ್ರೆ ಸರ್ವೆಗೆ ಬಂದ ಕನ್ಸಲ್ಟೆಂಟ್ ಹುಡುಗ್ರು ಗುರುತು ಮಾಡಿರೋದೂ ಇರ್ಬಹುದು. ಫೋಟೋ ಹಾಕಿ ನೋಡೋಣ.

ಹಂಪ್‌ಹನುಮ:
ಮೂರನೇ ನಂಬರ್ ನೀವೇ ಬರೆದ್ಬಿಡಿ ಸಾರ್, ಖಾತಾ ನಂಬರ್.

ಮೋರಿಪಕ್ಕದಮನೆ:
ಅಚ್ಚಿಟ್ಟಂಗೆ ಕಾಣಲ್ಲ ಸಾರ್, ನಾಲ್ಕು ಸ್ವಲ್ಪ ಸೊಟ್ಟ ಇದೆ. ಫೋಟೋ ತೆಗೆಯೋಣ ಅಂತ ಮತ್ತೆ ಹೊರಟೆ, ಇಲ್ಲಿ ಮಳೆ ಹಿಡ್ಕೊಂತು. ನಾಳೆ ಹಾಕ್ತೀನಿ. ನೀರು ಮಾತ್ರ ಹೋಗ್ತಿದೆ, ಮನೆಯಿಂದಾನೇ ಸದ್ದು ಕೇಳತ್ತೆ.